ಹೆಬ್ಬೆ ಪಕ್ಕದ ಕಾಡು ಸುಮ್ಮನಾಗಿದ್ದು ಯಾವಾಗ?

ಈರುಳ್ಳಿ, ಅಡಿಕೆ ರೇಟಿನ ವಿಷಯ ಇವತ್ತು ಬೇಡ. ಸ್ವಲ್ಪ ನಮ್ಮ ಬೆಟ್ಟದ ಇತಿಹಾಸ ಹೇಳ್ತೀನಿ. ಕೊನೆಗೆ ಅದು ಹೊಲದ ವಿಷಯಕ್ಕೇ ಬರುತ್ತೆ.

ಭಾನುವಾರ ಬಂತು ಅಂದ್ರೆ ಲಿಂಗದಹಳ್ಳಿ ರಸ್ತೆ ತುಂಬಾ ಬೆಂಗಳೂರು ಕಾರು. ಕಲ್ಲತ್ತಿಗಿರಿ ವೀರಭದ್ರಸ್ವಾಮಿ ಹತ್ತಿರ ನೀರಿಗೆ ತಲೆ ಕೊಟ್ಟು, ಆಮೇಲೆ ಹೆಬ್ಬೆಗೆ ಜೀಪು ಹತ್ತಿ, ಫೋಟೋ ತೆಗೆದುಕೊಂಡು ವಾಪಸ್. ಅದೇ ಕೆಮ್ಮಣ್ಣುಗುಂಡಿಯಿಂದ ಶಾಂತಿ ಅಬ್ಬಿ ದಾಟಿ ಝಡ್ ಪಾಯಿಂಟ್ ಕಡೆಗಿನ ಕಾಲುದಾರಿಗೆ ವಾರದ ನಡುವೆ ಹೋಗಿ ನೋಡಿ, ಜನರ ಸದ್ದೇ ಇರಲ್ಲ. ಮಳೆಗಾಲ ಮುಗಿದ ಮೇಲೆ ಒಂದು ಬುಧವಾರ ನಾನು ಹೋಗಿದ್ದೆ. ಮೇಲೆಲ್ಲ ಹುಲ್ಲುಗುಡ್ಡ, ಗುಡ್ಡದ ಮಡಿಲಲ್ಲಿ ಒತ್ತಾದ ಶೋಲಾ ಕಾಡು. ಒಳಗೆ ಮಧ್ಯಾಹ್ನವೂ ತಂಪು. ಮರದ ಮೈಗೆಲ್ಲ ಪಾಚಿ, ಬಂಡೆ ಸಂದಿಯಲ್ಲಿ ಜಿನುಗುವ ನೀರು. ಜೊತೆಗಿದ್ದ ಹುಡುಗರು, ಈ ಬೆಟ್ಟ ಹಿಂದಿನಿಂದಲೂ ಹಿಂಗೇ ಸುಮ್ಮನೆ ಇದ್ದಿರಬೇಕು ಅಂದರು. ಖಂಡಿತ ಇಲ್ಲ.

ಹೆಸರೇ ಹೇಳುತ್ತಲ್ಲ, ಕೆಮ್ಮಣ್ಣಿನ ಗುಂಡಿ. ಅದು ಕಬ್ಬಿಣದ ಅದಿರಿನ ಮಣ್ಣು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಯೋಜನೆ ಮಾಡಿದ ಭದ್ರಾವತಿ ಕಾರ್ಖಾನೆ 1923ರಲ್ಲಿ ಕಬ್ಬಿಣ ಕೊಡೋಕೆ ಶುರು ಮಾಡಿತು. ಅದಕ್ಕೆ ಅದಿರು ಹೋಗಿದ್ದು ಈ ಬೆಟ್ಟದಿಂದ. ತಂತಿಗೆ ನೇತುಹಾಕಿದ ತೊಟ್ಟಿಗಳಲ್ಲಿ ಬೆಟ್ಟದ ಬುಡಕ್ಕೆ ಇಳಿಸಿ, ಅಲ್ಲಿಂದ ಸಣ್ಣ ರೈಲಿನಲ್ಲಿ ಭದ್ರಾವತಿಗೆ ಸಾಗಿಸ್ತಿದ್ದರು. ಕಲ್ಲಿದ್ದಲು ನಮ್ಮ ಸೀಮೆಯಲ್ಲಿ ಇಲ್ಲ. ಅದಕ್ಕೆ ಆ ಕುಲುಮೆ ಉರಿದಿದ್ದು ಕಟ್ಟಿಗೆ ಇದ್ದಿಲಿನಿಂದ. ಅದಿರೂ ಮಲೆನಾಡಿನದ್ದು, ಸೌದೆಯೂ ಮಲೆನಾಡಿನದ್ದು. ಎಷ್ಟೋ ಮನೆಗೆ ಅನ್ನ ಕೊಟ್ಟ ಕಾರ್ಖಾನೆ, ಸುಳ್ಳಲ್ಲ. ಆದರೆ ಆ ಕಾಲದಲ್ಲಿ ಈ ಬೆಟ್ಟ ಸುಮ್ಮನಿರಲಿಲ್ಲ. ಗಣಿ ನಿಂತ ಮೇಲೆ ಒಂದು ಸದ್ದು ನಿಂತಿತು.

ಎರಡನೇ ಸದ್ದು ಊರುಗಳದ್ದು. ಬೆಟ್ಟದ ಆ ಕಡೆ ಭದ್ರಾ ಕಾಡಿನೊಳಗೆ ಗದ್ದೆ ಮಾಡಿಕೊಂಡು, ದನ ಕಟ್ಟಿಕೊಂಡು ಬದುಕಿದ ಜನ ಇದ್ದರು. 1974ರಲ್ಲಿ ಅದು ಅಭಯಾರಣ್ಯ ಆಯ್ತು, 1998ರಲ್ಲಿ ಹುಲಿ ಯೋಜನೆಗೆ ಸೇರಿತು. ಆನೆ ಗದ್ದೆ ತುಳಿಯೋದು, ಹುಲಿ ದನ ಹಿಡಿಯೋದು, ಆಸ್ಪತ್ರೆ ಶಾಲೆಗೆ ದೂರ ನಡೆಯೋದು. 2001-02ರ ಹೊತ್ತಿಗೆ 400ಕ್ಕೂ ಹೆಚ್ಚು ಕುಟುಂಬ ಹೊರಗೆ ಬಂದವು. ಹೆಚ್ಚಿನವರಿಗೆ ಜಮೀನು ಸಿಕ್ಕಿದ್ದು ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ. ದೇಶದಲ್ಲಿ ಇಂಥ ಪುನರ್ವಸತಿ ಚೆನ್ನಾಗಿ ನಡೆದದ್ದು ಅಪರೂಪ, ಭದ್ರಾದ್ದು ಒಳ್ಳೆ ಉದಾಹರಣೆ ಅಂತ ತಿಳಿದವರು ಬರೆದಿದ್ದಾರೆ. ಇರಬಹುದು. ಆದರೂ ಅಜ್ಜ ಕಟ್ಟಿದ ಬದು ಬಿಟ್ಟು ಬರೋದು ಏನು ಅಂತ ಮಣ್ಣು ಮುಟ್ಟಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಈಗ ಹೊಲದ ವಿಷಯ. ಹೆಬ್ಬೆ ಕಡೆಯ ನೀರು ಭದ್ರಾ ಡ್ಯಾಮಿಗೆ. ಪ್ರತಿ ಮಳೆಗಾಲ 186 ಅಡಿ ಆಯ್ತಾ ಅಂತ ನಾವೆಲ್ಲ ಕಾಯ್ತೀವಲ್ಲ, ಅದೇ ಲಕ್ಕವಳ್ಳಿ ಡ್ಯಾಮು. ಮೂಡಲ ಇಳಿಜಾರಿನ ನೀರು ಅಯ್ಯನಕೆರೆ, ಮದಗದ ಕೆರೆ ತುಂಬಿಸಿ, ಕಡೂರು ಹತ್ತಿರ ವೇದಾವತಿ ಆಗಿ ವಾಣಿವಿಲಾಸ ಸಾಗರಕ್ಕೆ. ಈಗ ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಆ ಕಡೆ ನೀರೂ ಅಜ್ಜಂಪುರದ ಸುರಂಗ ದಾಟಿ ಅಲ್ಲಿಗೇ ಹೋಗ್ತಿದೆ. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ತಾಲ್ಲೂಕು ಕಣ್ಣೆತ್ತಿ ನೋಡೋದು ಇದೇ ಬೆಟ್ಟದ ಸಾಲನ್ನ. ಹುಲ್ಲು ಮತ್ತು ಶೋಲಾ ಮಳೆ ನೀರನ್ನ ಸ್ಪಂಜಿನ ಹಾಗೆ ಹೀರಿ, ಮಳೆ ನಿಂತ ಮೇಲೂ ನಿಧಾನ ಬಿಡ್ತವೆ. ಬೋಳು ಗುಡ್ಡವಾದರೆ ಮಳೆ ಬಂದ ದಿನ ಕೆಂಪು ಹೊಳೆ, ಆಮೇಲೆ ಒಣ ಹಳ್ಳ.

ಹಾಗಾಗಿ ಆ ಕಾಲುದಾರಿಯ ಮೌನ ಪುಕ್ಕಟೆ ಬಂದದ್ದಲ್ಲ. ಗಣಿ ನಿಂತಾಗ ಕೆಲವರ ಕೂಲಿ ಹೋಯ್ತು, ಕಾಡು ಉಳಿಯಲಿ ಅಂದಾಗ ಕೆಲವರ ಊರು ಹೋಯ್ತು. ನಮ್ಮ ತೂಬಿಗೆ ಬರುವ ನೀರಲ್ಲಿ ಅವರ ಪಾಲೂ ಇದೆ. ಎಂ.ಸಿ. ಹಳ್ಳಿಯವರು ಸಂತೆಯಲ್ಲಿ ಸಿಕ್ಕರೆ ಒಂದು ಲೋಟ ಟೀ ಕುಡಿಸಿ, ಹಳೆ ಊರಿನ ಕಥೆ ಕೇಳಿ. ಬೆಟ್ಟಕ್ಕೆ ಹೋದರೆ ಅನುಮತಿ ಇರುವ ದಾರಿಯಲ್ಲೇ ನಡೀರಿ, ತಗೊಂಡು ಹೋದ ಪ್ಲಾಸ್ಟಿಕ್ ವಾಪಸ್ ತನ್ನಿ, ಬೇಸಿಗೆಯಲ್ಲಿ ಬೀಡಿ ಹಚ್ಚಬೇಡಿ. ಹುಲ್ಲಿಗೆ ಬೆಂಕಿ ಬಿದ್ದರೆ ಅದರ ನಷ್ಟ ಮೊದಲು ಬರೋದು ನಮ್ಮ ಕೆರೆಗೆ.