ಹೆಗ್ಗಡೆ ಎಂಬ ಹೆಸರು

ಹೊಸಬರೊಬ್ಬರು ತಮ್ಮ ಮನೆತನದ ಹೆಸರು ಹೆಗಡೆಯೆಂದು ಹೇಳಿಕೊಂಡಾಗ, ಕೇಳಿದವರಲ್ಲಿ ಬಹುಮಂದಿ ಒಡನೆಯೇ ಅವರ ಜಾತಿಯನ್ನು ಊಹಿಸತೊಡಗುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕಂಡಾಗಲೆಲ್ಲ, ಒಂದು ಘನವಾದ ಶಬ್ದಕ್ಕೆ ಅನ್ಯಾಯವಾಗುತ್ತಿದೆಯಲ್ಲಾ ಎಂದು ಮನಸ್ಸು ನೊಂದಿದೆ. ಏಕೆಂದರೆ ಈ ಶಬ್ದವು ತನ್ನ ಆದಿಯಲ್ಲಿ ಕುಲವನ್ನು ಸೂಚಿಸುತ್ತಿರಲಿಲ್ಲ. ಅದು ಒಂದು ಹೊಣೆಯ ಹೆಸರಾಗಿತ್ತು.

ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರಿಗೆ 'ಪೆರ್ಗಡೆ' ಎಂಬ ರೂಪವು ಚಿರಪರಿಚಿತ. ಅರಮನೆಯ ಒಳಾಡಳಿತವನ್ನು ನೋಡಿಕೊಳ್ಳುತ್ತಿದ್ದವನು ಮನೆವೆರ್ಗಡೆ. ಸುಂಕದ ವ್ಯವಹಾರಕ್ಕೆ ಅಧಿಕಾರಿಯಾಗಿದ್ದವನು ಸುಂಕವೆರ್ಗಡೆ. ಸಮಾಸದಲ್ಲಿ ಪಕಾರವು ವಕಾರವಾಗುವ ಈ ಕ್ರಮವನ್ನು 13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಸೂತ್ರಬದ್ಧವಾಗಿಸಿದ್ದಾನೆ. ಶಬ್ದದ ಮೊದಲಲ್ಲಿರುವ 'ಪೆರ್' ಎಂಬುದು ಪಿರಿದೆಂಬ ಅರ್ಥದ್ದು. ಪೆರ್ಬಾಗಿಲು ಹೆಬ್ಬಾಗಿಲಾದಂತೆ, ಪೆರ್ಮೆಯು ಹೆಮ್ಮೆಯಾದಂತೆ, ಪೆರ್ಗಡೆಯೂ ಮೊದಲಿನ ಪಕಾರವನ್ನು ಹಕಾರವಾಗಿಸಿಕೊಂಡು, ತನ್ನ ರೇಫವನ್ನು ಕಳೆದುಕೊಂಡು, ಮುಂದಿನ ವ್ಯಂಜನವನ್ನು ಇಮ್ಮಡಿಸಿಕೊಂಡು ಹೆಗ್ಗಡೆಯಾಯಿತು. ಕರಾವಳಿಯ ಹೆಬ್ಬಾರರ ಹೆಸರೂ ಇದೇ ದಾರಿಯಲ್ಲಿ ನಡೆದು ಬಂದುದೇ.

10ನೆಯ ಶತಮಾನದ ಆಸುಪಾಸಿನಲ್ಲಿ ಶಾಸನಗಳಲ್ಲಿ ಅಲ್ಲೊಂದು ಇಲ್ಲೊಂದಾಗಿ ತಲೆದೋರಿ, ಮುಂದಿನ ಮೂರು ನಾಲ್ಕು ಶತಮಾನಗಳಲ್ಲಿ ನಾಡನ್ನೆಲ್ಲ ವ್ಯಾಪಿಸಿದ ಈ ಹಕಾರವು ಕನ್ನಡದ ಮುಖಚರ್ಯೆಯನ್ನೇ ಬದಲಿಸಿತು: ಪಾಲು ಹಾಲಾಯಿತು, ಪತ್ತು ಹತ್ತಾಯಿತು. ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆರಗುಗೊಳಿಸುವ ಸಂಗತಿಯೆಂದರೆ, ಹೆಸರೆಂಬುದರ ಹೆಸರು ಕೂಡ ಈ ಪರಿವರ್ತನೆಗೆ ಹೊರತಾಗಲಿಲ್ಲ. ಪೂರ್ವದಲ್ಲಿ ಅದು ಪೆಸರ್. ತಮಿಳರ ಪೆಯರ್, ತೆಲುಗರ ಪೇರು ಅದರ ಒಡಹುಟ್ಟುಗಳು.

ನೆರೆಯ ನುಡಿಗಳಾದರೋ ಹಳೆಯ ಪಕಾರವನ್ನು ಬಿಟ್ಟುಕೊಡಲಿಲ್ಲ. ತುಳುನಾಡಿನ ಧರ್ಮಸ್ಥಳದ ಸ್ಥಳಪುರಾಣದಲ್ಲಿ, ನೆಲ್ಯಾಡಿ ಬೀಡಿಗೆ ಅತಿಥಿರೂಪದಿಂದ ಬಂದ ಧರ್ಮದೈವಗಳನ್ನು ಸತ್ಕರಿಸಿದ ಯಜಮಾನನ ಹೆಸರು ಬಿರ್ಮಣ್ಣ ಪೆರ್ಗಡೆ. ಆ ಪೀಠದಲ್ಲಿ 1968ರಿಂದ ಧರ್ಮಾಧಿಕಾರಿಗಳಾಗಿರುವ ವೀರೇಂದ್ರರು ಹೆಗ್ಗಡೆ. ಒಂದೇ ಮನೆಯ ಒಳಗೆ ಹಳಗನ್ನಡವೂ ಹೊಸಗನ್ನಡವೂ ಹೀಗೆ ಎದುರುಬದುರಾಗಿ ಕುಳಿತಿರುವ ದೃಶ್ಯವು ಬೇರೆಲ್ಲಿ ಕಾಣಸಿಕ್ಕೀತು? ಆಂಧ್ರದಲ್ಲಿ ಮಂತ್ರಿಯನ್ನು ಪ್ರೆಗ್ಗಡನೆಂದು ಕರೆಯುತ್ತಿದ್ದರು. ನನ್ನಯನು ಅರೆಯಲ್ಲಿ ಬಿಟ್ಟಿದ್ದ ತೆಲುಗು ಭಾರತದ ಅರಣ್ಯಪರ್ವವನ್ನು 14ನೆಯ ಶತಮಾನದಲ್ಲಿ ಪೂರ್ಣಗೊಳಿಸಿದ ಮಹಾಕವಿ ಎರ್ರಾಪ್ರಗಡನ ಹೆಸರಿನ ಕೊನೆಯಲ್ಲಿ ನಿಂತಿರುವುದು ನಮ್ಮ ಹೆಗ್ಗಡೆಯ ದಾಯಾದಿಯೇ.

ಅಧಿಕಾರವು ಯಾವ ಕುಲದವನ ಕೈಗೆ ಬಂದರೂ ಬಿರುದು ಅವನದಾಗುತ್ತಿತ್ತು. ರಾಜ್ಯಗಳಳಿದು ಅಧಿಕಾರವು ಹೋದರೂ ಬಿರುದು ಮನೆತನದಲ್ಲಿ ಉಳಿಯುತ್ತಿತ್ತು. ಆದುದರಿಂದಲೇ ಇಂದು ಉತ್ತರ ಕನ್ನಡದ ಹವ್ಯಕರಲ್ಲಿ, ತುಳುನಾಡಿನ ಬಂಟರಲ್ಲಿ ಮತ್ತು ಜೈನರಲ್ಲಿ, ಮಲೆನಾಡಿನ ಒಕ್ಕಲಿಗರಲ್ಲಿ ಈ ಹೆಸರು ಸಮಾನವಾಗಿ ಹಂಚಿಹೋಗಿದೆ. ಕೊಡಗಿನಲ್ಲಂತೂ ಹೆಗ್ಗಡೆಯೆಂಬುದೇ ಒಂದು ಸಮುದಾಯದ ಹೆಸರು. 1983ರಿಂದ 1988ರವರೆಗೆ ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರೂ, 1977ರಲ್ಲಿ ಲೋಕಸಭೆಯ ಸಭಾಧ್ಯಕ್ಷರಾದ ಕೆ. ಎಸ್. ಹೆಗ್ಡೆಯವರೂ, ಮೇಲೆ ಹೇಳಿದ ಧರ್ಮಸ್ಥಳದ ಹೆಗ್ಗಡೆಯವರೂ ಮೂರು ಬೇರೆ ಬೇರೆ ಸಮುದಾಯಗಳಲ್ಲಿ ಜನಿಸಿದವರು. ಮೂವರ ಬರವಣಿಗೆಯೂ ಮೂರು ವಿಧ. ಇವುಗಳಲ್ಲಿ ಶುದ್ಧವಾದುದು ಯಾವುದೆಂದು ಕೇಳುವವರಿದ್ದಾರೆ, ಮೂರೂ ಶುದ್ಧವೇ. ಪರರ ಹೆಸರನ್ನು ವ್ಯಾಕರಣದ ಹೆಸರಿನಲ್ಲಿ ತಿದ್ದಹೊರಡುವುದು ಪಾಂಡಿತ್ಯವಲ್ಲ, ಅವಿನಯ.

ಸ್ತ್ರೀರೂಪವಾದ ಹೆಗ್ಗಡಿತಿಯ ಕಥೆ ಇನ್ನೂ ಹೃದ್ಯವಾದುದು. ಕುವೆಂಪು ಅವರ 1936ರ ಕಾದಂಬರಿಯು ಆ ಶಬ್ದವನ್ನು ಕನ್ನಡಿಗರೆಲ್ಲರ ನಾಲಗೆಗೆ ತಂದಿತು. ಆ ಕಾದಂಬರಿಯ ಕಾನೂರು ಮನೆಯ ಯಜಮಾನ ಚಂದ್ರಯ್ಯಗೌಡ. ಆತನ ಮಡದಿ ಸುಬ್ಬಮ್ಮ ಮಾತ್ರ ಹೆಗ್ಗಡಿತಿ. ಗಂಡನು ಗೌಡನೆನಿಸಿಕೊಂಡರೂ ಹೆಂಡತಿಯು ಗೌಡತಿಯೆನಿಸದೆ ಹೆಗ್ಗಡಿತಿಯೆನಿಸುವ ಮಲೆನಾಡಿನ ಈ ವಾಡಿಕೆಯಲ್ಲಿ, ಗಂಡಸರು ಬಿಟ್ಟ ಬಿರುದನ್ನು ಹೆಂಗಸರು ಕಾಪಾಡಿಕೊಂಡು ಬಂದಂತೆ ನನಗೆ ತೋರುತ್ತದೆ. ಬಾಗಿಲಿಗೆ ಬಂದವರಿಗೆ ಅನ್ನವಿಕ್ಕುವ, ಆಳುಕಾಳುಗಳ ಕಷ್ಟಸುಖ ವಿಚಾರಿಸುವ ಆ ತೊಟ್ಟಿಮನೆಯ ಒಡತಿಯ ನಿತ್ಯದ ದುಡಿಮೆಯೇ ಅಲ್ಲವೆ ಪೂರ್ವಕಾಲದ ಮನೆವೆರ್ಗಡೆಯ ಕಾರ್ಯ! ಈಗ ಆ ಮಾತು ಪುಸ್ತಕದಲ್ಲಿ ಉಳಿದಷ್ಟು ಜನರ ಬಾಯಲ್ಲಿ ಉಳಿದಿಲ್ಲ. ಹೆಣ್ಣುಮಕ್ಕಳೂ ಹೆಗಡೆ, ಹೆಗ್ಡೆಯೆಂದೇ ಬರೆದುಕೊಳ್ಳುತ್ತಾರೆ.

ಮೈಸೂರು ಜಿಲ್ಲೆಯಲ್ಲಿ ಕಬಿನಿಯ ನೀರುಂಬ ತಾಲ್ಲೂಕೊಂದು ತನ್ನ ಹೆಸರಿನಲ್ಲಿಯೇ ಈ ಬಿರುದನ್ನು ಹೊತ್ತಿದೆ. ಹೆಗ್ಗಡದೇವನಕೋಟೆಯೆಂಬ ಅಷ್ಟು ಗಂಭೀರವಾದ ಹೆಸರನ್ನು ನಾವು ಬಸ್ಸಿನ ಫಲಕಗಳಲ್ಲಿಯೂ ಮಾತಿನಲ್ಲಿಯೂ ಎಚ್. ಡಿ. ಕೋಟೆಯೆಂದು ಕುಗ್ಗಿಸಿದ್ದೇವೆ, ಆ ಎರಡು ಅಕ್ಷರಗಳ ಹಿಂದೆ ಯಾರಿದ್ದಾರೆಂಬುದು ಅಲ್ಲಿಯ ಮಕ್ಕಳಿಗೆ ತಿಳಿಯುವುದಾದರೂ ಹೇಗೆ?

ಈ ಹೆಸರನ್ನು ಹೊತ್ತ ಮನೆತನಗಳಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ನಿಮ್ಮ ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಹಳೆಯ ಕ್ರಯಪತ್ರಗಳೋ ಗೇಣಿ ಚೀಟಿಗಳೋ ಇದ್ದರೆ, ಗೆದ್ದಲು ಹಿಡಿಯುವ ಮುನ್ನ ಒಮ್ಮೆ ತೆಗೆದು ನೋಡಿರಿ. ನಿಮ್ಮ ಮುತ್ತಜ್ಜನು ಯಾವ ಅಕ್ಷರಗಳಲ್ಲಿ ರುಜು ಹಾಕಿದ್ದಾನೆ, ಮುತ್ತಜ್ಜಿಯನ್ನು ಅದರಲ್ಲಿ ಹೆಗ್ಗಡಿತಿಯೆಂದು ಬರೆದಿದೆಯೆ ಎಂಬುದನ್ನು ನೋಡಿ, ಮಕ್ಕಳ ಕೈಯಲ್ಲಿ ಬರೆಯಿಸಿಡಿರಿ.