ಮರೆಯಾದ ಮೈಸೂರು ದೇಶದ ವಸ್ತುಗಳೂ ನೆನಪುಗಳೂ

೧

ದೇಶವೊಂದು ಇಲ್ಲವಾಗುವುದು ಎರಡು ಬಗೆಯಿಂದ. ಶತ್ರುಗಳ ದಂಡಯಾತ್ರೆಯಿಂದ ಅಳಿದುಹೋದ ರಾಜ್ಯಗಳ ಕಥೆಯನ್ನು ಚರಿತ್ರೆಯ ಗ್ರಂಥಗಳು ವಿಸ್ತಾರವಾಗಿ ಹೇಳುವುವು. ಪ್ರಜೆಗಳು ತಮ್ಮ ಮನೆಗಳಲ್ಲಿ ಇದ್ದಂತೆಯೇ ಇದ್ದು, ಅವರ ಹೊಲಗದ್ದೆಗಳು ಇದ್ದಲ್ಲಿಯೇ ಇದ್ದು, ನಾಡು ಮಾತ್ರ ಮತ್ತೊಂದು ದೊಡ್ಡ ನಾಡಿನಲ್ಲಿ ಬೆರೆತು ಹೆಸರನ್ನು ಕಳೆದುಕೊಳ್ಳುವುದು ಎರಡನೆಯ ಬಗೆ. ಇದರಲ್ಲಿ ರಕ್ತಪಾತವಿಲ್ಲ; ಆದುದರಿಂದ ಇದನ್ನು ಕುರಿತು ಬರೆದವರೂ ಕಡಮೆ.

ಮೈಸೂರು ದೇಶವು ಈ ಎರಡನೆಯ ಬಗೆಗೆ ಸೇರಿದುದು. ೧೯೪೭ನೆಯ ಆಗಸ್ಟ್ ತಿಂಗಳಲ್ಲಿ ಶ್ರೀ ಜಯಚಾಮರಾಜ ಒಡೆಯರವರು ಭಾರತದೊಡನೆ ಸೇರುವ ಪತ್ರಕ್ಕೆ ಸಹಿ ಮಾಡಿದರು. ಅದೇ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ನಾಯಕತ್ವದಲ್ಲಿ ಜವಾಬ್ದಾರಿ ಸರ್ಕಾರವು ಏರ್ಪಟ್ಟಿತು. ಆಗ ಒಂಬತ್ತು ಜಿಲ್ಲೆಗಳಿದ್ದ ಆ ಸಂಸ್ಥಾನವು ೧೯೫೬ನೆಯ ನವೆಂಬರ್ ೧ರಂದು ಕನ್ನಡಿಗರೆಲ್ಲರ ವಿಶಾಲ ರಾಜ್ಯದಲ್ಲಿ ಒಂದು ಭಾಗವಾಯಿತು. ೧೯೭೩ನೆಯ ನವೆಂಬರ್ ೧ರಂದು ಮೈಸೂರೆಂಬ ರಾಜ್ಯನಾಮವೂ ಹೋಗಿ ಕರ್ನಾಟಕವೆಂಬ ನಾಮವು ಬಂದಿತು. ಈ ಲಯವು ಬಲಾತ್ಕಾರದಿಂದ ಆದುದಲ್ಲ. ರಾಮನಗರದ ಸೀಮೆಯಲ್ಲಿಯೇ ಹುಟ್ಟಿ ೧೯೫೨ರಿಂದ ೧೯೫೬ರವರೆಗೆ ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ಏಕೀಕರಣದ ಪಕ್ಷವನ್ನು ಎತ್ತಿಹಿಡಿದವರಲ್ಲಿ ಪ್ರಮುಖರು. ತಮ್ಮ ದೇಶವನ್ನು ತಾವೇ ದೊಡ್ಡದೊಂದಕ್ಕೆ ಧಾರೆಯೆರೆದ ಜನರ ಚರಿತ್ರೆ ಇದು.

ಹೀಗೆ ಮರೆಯಾದ ದೇಶವನ್ನು ಮುಂದಿನವರು ಎಲ್ಲಿ ನೋಡಬೇಕು? ಅದರ ದಾಖಲೆಗಳು ಪತ್ರಾಗಾರದಲ್ಲಿರುವುವು, ಅದರ ವೈಭವವು ಅರಮನೆಯಲ್ಲಿರುವುದು. ಆದರೆ ಅದು ತನ್ನ ಪ್ರಜೆಗಳ ಕೈಗೆ ಕೊಟ್ಟ ನಿತ್ಯೋಪಯೋಗದ ವಸ್ತುಗಳೂ, ಅವುಗಳೊಡನೆ ಬಾಳಿದವರ ಮಾತುಗಳೂ ಎಲ್ಲಿರುವುವೆಂಬುದೇ ಈ ಲೇಖನದ ಪ್ರಶ್ನೆ. ಬಿಡದಿ ಹೋಬಳಿಯ ಬೈರಮಂಗಲವನ್ನೂ ಅದರ ನೆರೆಯ ರಾಮನಗರ, ಚನ್ನಪಟ್ಟಣಗಳನ್ನೂ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ವಿಚಾರಮಾಡುವೆವು.

೨

ಇಂತಹ ಪ್ರಶ್ನೆಯನ್ನು ಇತರರೂ ಎದುರಿಸಿದ್ದಾರೆ. ೧೯೪೯ರಲ್ಲಿ ಹುಟ್ಟಿದ ಪೂರ್ವ ಜರ್ಮನಿಯೆಂಬ ದೇಶವು ೧೯೯೦ನೆಯ ಅಕ್ಟೋಬರ್ ೩ರಂದು ಪಶ್ಚಿಮ ಜರ್ಮನಿಯೊಡನೆ ಸೇರಿ ಇಲ್ಲವಾಯಿತು. ಜನರು ಹಳೆಯ ಸಾಮಾನುಗಳನ್ನು ಬೀದಿಗೆ ಎಸೆದು ಹೊಸವನ್ನು ಕೊಂಡರು. ರಾಳವನ್ನೂ ಹತ್ತಿಯ ನಾರನ್ನೂ ಬೆರಸಿ ಒತ್ತಿದ ಹಲಗೆಯ ಮೈಯುಳ್ಳ ಟ್ರಬಾಂಟ್ ಎಂಬ ಕಾರು ನಗೆಪಾಟಲಾಯಿತು. ಆಗ ಕೆಲವರು ವಿದ್ವಾಂಸರು ಎಚ್ಚೆತ್ತರು. ೧೯೯೩ರಲ್ಲಿ ಐಸೆನ್‌ಹುಟೆನ್‌ಸ್ಟಾಟ್ ಎಂಬ ಉಕ್ಕಿನ ಪಟ್ಟಣದಲ್ಲಿ, ಹಿಂದೆ ಶಿಶುಪಾಲನಾಗೃಹವಾಗಿದ್ದ ಕಟ್ಟಡವೊಂದರಲ್ಲಿ, ಆ ದೇಶದ ದಿನಬಳಕೆಯ ವಸ್ತುಗಳ ಸಂಗ್ರಹವು ಆರಂಭವಾಯಿತು. ಮುಂದೆ ೨೦೦೨ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ಪ್ರಾಂತದಲ್ಲಿ ವೆಂಡೆ ವಸ್ತುಸಂಗ್ರಹಾಲಯವೂ, ೨೦೦೬ರಲ್ಲಿ ಬರ್ಲಿನ್ನಿನಲ್ಲಿ ಮತ್ತೊಂದೂ ಸ್ಥಾಪಿತವಾದುವು.

ಇವುಗಳಲ್ಲಿ ನಾವು ಗಮನಿಸತಕ್ಕದ್ದು ಸಂಗ್ರಹದ ಗಾತ್ರವನ್ನಲ್ಲ, ಕ್ರಮವನ್ನು. ಐಸೆನ್‌ಹುಟೆನ್‌ಸ್ಟಾಟಿನವರು ವಸ್ತುವನ್ನು ತಂದುಕೊಟ್ಟವರಿಂದ ವಸ್ತುವಿನ ವೃತ್ತಾಂತವನ್ನೂ ಕೇಳಿಕೊಂಡರು. ಪಾತ್ರೆಯೊಂದು ಬಂದರೆ ಅದು ಯಾರ ಮದುವೆಗೆ ಬಂದಿತು, ಎಷ್ಟು ದಿನ ಕಾದಮೇಲೆ ಅಂಗಡಿಯಲ್ಲಿ ಸಿಕ್ಕಿತು, ಏಕೆ ಅದನ್ನು ಎಸೆಯಲು ಮನಸ್ಸು ಬರಲಿಲ್ಲ ಎಂಬಂತಹ ಸಂಗತಿಗಳಿಗೂ ಅಲ್ಲಿ ಬೆಲೆಯುಂಟು. ಶಾಸನಾಭ್ಯಾಸಿಗಳಿಗೆ ಇದರ ಮರ್ಮವು ಸುಲಭವಾಗಿ ಹೊಳೆಯುವುದು. ಓದಲಾಗದ ಶಾಸನವು ಬರಿಯ ಕಲ್ಲು. ಬಳಸಿದವರ ಮಾತು ತಪ್ಪಿದ ವಸ್ತುವೂ ಹಾಗೆಯೇ ಮೂಕವಾದುದು.

೩

ನಮ್ಮ ಸಂಗ್ರಹಾಲಯಗಳ ವಿಷಯವೇನು? ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವು ೧೮೬೫ರಲ್ಲಿ ಸ್ಥಾಪಿತವಾಗಿ ದೇಶದ ಪ್ರಾಚೀನ ಸಂಗ್ರಹಾಲಯಗಳಲ್ಲಿ ಒಂದೆನಿಸಿದೆ. ಆತಕೂರಿನ ಶಾಸನವು ಅಲ್ಲಿ ರಕ್ಷಿತವಾಗಿದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಚಿತ್ರಶಾಲೆಯುಂಟು. ೧೯೬೮ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಯಲಕ್ಷ್ಮೀವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವು ನೆಲೆಗೊಂಡಿತು. ಮೈಸೂರಿನಲ್ಲಿ ೧೯೭೯ರಲ್ಲಿ ತೆರೆದ ರೈಲ್ವೆ ಸಂಗ್ರಹಾಲಯದಲ್ಲಿ ಮಹಾರಾಣಿಯವರ ಸವಾರಿಯ ಬಂಡಿಯನ್ನು ಕಾಣಬಹುದು. ಇವೆಲ್ಲವೂ ಆದರಣೀಯವಾದುವು. ಆದರೆ ಇವುಗಳಲ್ಲಿ ಒಂದು ವಿಭಾಗವು ತೋರುವುದು: ಒಂದು ಕಡೆ ರಾಜರ ವಸ್ತುಗಳು, ಮತ್ತೊಂದು ಕಡೆ ಕಾಲನಿರ್ದೇಶವಿಲ್ಲದ ಹಳ್ಳಿಯ ವಸ್ತುಗಳು. ಇವೆರಡಕ್ಕೂ ನಡುವೆ, ಇಪ್ಪತ್ತನೆಯ ಶತಮಾನದ ಮೈಸೂರು ಸರ್ಕಾರವು ತಾನೇ ಯೋಚಿಸಿ, ರೂಪಿಸಿ, ಮುದ್ರೆಯೊತ್ತಿ ಪ್ರಜೆಗಳ ಮನೆಗೆ ಕಳುಹಿಸಿದ ವಸ್ತುಗಳ ಒಂದು ದೊಡ್ಡ ವರ್ಗವುಂಟು. ಇದಕ್ಕೆ ಇನ್ನೂ ತಕ್ಕ ಮನೆ ದೊರೆತಿಲ್ಲ.

ಉದಾಹರಣೆಗೆ ಗಂಧದ ಸಾಬೂನನ್ನು ತೆಗೆದುಕೊಳ್ಳೋಣ. ಮೊದಲನೆಯ ಮಹಾಯುದ್ಧದಲ್ಲಿ ಯೂರೋಪಿಗೆ ಗಂಧದ ಮರದ ರಫ್ತು ನಿಂತುಹೋಗಲು, ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಯು ಸ್ಥಾಪಿತವಾಯಿತು. ೧೯೧೮ರಲ್ಲಿ ಸಾಬೂನಿನ ತಯಾರಿಕೆಯು ಆರಂಭವಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಅದರ ರಸಾಯನಶಾಸ್ತ್ರಜ್ಞರು. ಅಂಡಾಕಾರದ ಆ ಬಿಲ್ಲೆ, ಒಡವೆಯ ಕರಂಡಕವನ್ನು ಹೋಲುವ ಅದರ ಪೆಟ್ಟಿಗೆ, ಅದರ ಮೇಲಣ ಗಜಮುಖ ಸಿಂಹದೇಹದ ಶರಭ, ಇವು ಒಂದು ಸಂಸ್ಥಾನವು ತನ್ನನ್ನು ಲೋಕಕ್ಕೆ ತೋರಿಸಿಕೊಳ್ಳಬಯಸಿದ ರೂಪಗಳು. ಸಂಸ್ಥಾನವು ಹೋಯಿತು, ಶರಭವು ಇಂದಿಗೂ ಪೆಟ್ಟಿಗೆಯ ಮೇಲೆ ನಿಂತಿದೆ. ಗಂಗರ, ಹೊಯ್ಸಳರ ಲಾಂಛನಗಳನ್ನು ವಿವರಿಸುವ ನಾವು ಇದನ್ನೂ ಒಂದು ರಾಜಲಾಂಛನದ ಶೇಷವೆಂದು ಪರಿಶೀಲಿಸಬಾರದೇಕೆ? ೧೯೧೨ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗಗಳನ್ನು ತರಿಸಿ ಮೈಸೂರಿನಲ್ಲಿ ಆರಂಭಿಸಿದ ರೇಷ್ಮೆ ನೇಯ್ಗೆಯ ಕಾರ್ಖಾನೆಯ ಸೀರೆಗೂ ಇದೇ ಮಾತು ಸಲ್ಲುವುದು.

೪

ಈಗ ಬೈರಮಂಗಲದ ಸುತ್ತಣ ಸೀಮೆಗೆ ಬರೋಣ. ಇಲ್ಲಿ ಆ ದೇಶದ ಕೈಕೆಲಸವೂ ಕಟ್ಟಡವೂ ಎರಡೂ ಉಳಿದಿರುವುವು.

ಮೊದಲನೆಯದು ಚನ್ನಪಟ್ಟಣದ ಗೊಂಬೆ. ಟಿಪ್ಪು ಸುಲ್ತಾನನು ಪಾರಸಿಕ ಕುಶಲಿಗಳನ್ನು ಕರೆಯಿಸಿ ಈ ವಿದ್ಯೆಯನ್ನು ನೆಲೆಗೊಳಿಸಿದನೆಂಬ ಐತಿಹ್ಯವು ಪ್ರಚಾರದಲ್ಲಿದೆ. ಹಾಲೆಮರದ ತುಂಡನ್ನು ಚೆನ್ನಾಗಿ ಒಣಗಿಸಿ, ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ಉಳಿಯಿಂದ ರೂಪುಗೊಳಿಸುವರು. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುವುದು. ಬಳಿಕ ಒಣಗಿದ ಗರಿಯಿಂದ ತಿಕ್ಕಿ ಹೊಳಪನ್ನು ಕೊಡುವರು. ಕುಂಚವಿಲ್ಲದೆ ಬಣ್ಣವೇರಿಸುವ ಈ ಕ್ರಮವನ್ನು ಗಾಜಿನ ಪೆಟ್ಟಿಗೆಯೊಳಗಣ ಗೊಂಬೆಯಿಂದ ತಿಳಿಯಲಾಗದು. ಕಡೆಯುವವನ ಕೈಯನ್ನೂ ಅವನ ಮಾತನ್ನೂ ಕೂಡಿಸಿ ತಿಳಿಯಬೇಕು. ಈ ಕುಶಲಿಗಳಲ್ಲಿ ಅನೇಕರು ಮುಸಲ್ಮಾನರು. ಅವರು ಕಡೆದ ಗೊಂಬೆಯು ದಸರೆಯಲ್ಲಿ ಹಿಂದೂಗಳ ಮನೆಯ ಮೆಟ್ಟಿಲನ್ನು ಏರಿತೆಂಬುದು ಹಳೆಯ ಮೈಸೂರಿನ ಸಾಮಾಜಿಕ ಚರಿತ್ರೆಯಲ್ಲಿ ಬರೆಯತಕ್ಕ ವಾಕ್ಯ.

ಎರಡನೆಯದು ಬೈರಮಂಗಲದ ಜಲಾಶಯ. ಬೆಂಗಳೂರಿನ ಬಸವನಗುಡಿಯ ಕಡೆ ಹುಟ್ಟಿ ಅರ್ಕಾವತಿಯನ್ನು ಸೇರುವ ವೃಷಭಾವತಿಗೆ ಅಡ್ಡವಾಗಿ ೧೯೪೦ರ ದಶಕದಲ್ಲಿ, ಎಂದರೆ ಸಂಸ್ಥಾನದ ಕೊನೆಯ ವರ್ಷಗಳಲ್ಲಿ, ಇದು ಕಟ್ಟಲ್ಪಟ್ಟಿತು. ಚನ್ನಪಟ್ಟಣದ ಬಳಿಯ ಕಣ್ವ ಜಲಾಶಯವೂ ಅದೇ ದಶಕದ ಕೆಲಸ. ಅಣೆಕಟ್ಟನ್ನು ಸಂಗ್ರಹಾಲಯದಲ್ಲಿ ಇಡಲಾಗದು. ಆದರೂ ಅದು ರೂಪಿಸಲ್ಪಟ್ಟ ವಸ್ತುವೇ. ಕೆರೆಗಳ ನಾಡಿನಲ್ಲಿ ದೊರೆತನದ ಮುಖ್ಯ ಲಕ್ಷಣವು ನೀರನ್ನು ನಿಲ್ಲಿಸುವುದೆಂಬುದನ್ನು ನಮ್ಮ ಶಾಸನಗಳು ಮತ್ತೆ ಮತ್ತೆ ಹೇಳಿವೆ. ಆದರೆ ಬೆಂಗಳೂರು ಬೆಳೆದಂತೆ ವೃಷಭಾವತಿಯು ಆ ನಗರದ ಕೊಳೆಯನ್ನು ಹೊರುವ ಕಾಲುವೆಯಾಯಿತು; ಬೈರಮಂಗಲದಲ್ಲಿ ನಿಂತ ನೀರು ನೊರೆಗಟ್ಟಿ ನಾರಿತು. ಇಂದು ಅಲ್ಲಿಗೆ ಹೋದವನಿಗೆ ಕಟ್ಟೆ ಕಾಣುವುದೇ ಹೊರತು ಕಟ್ಟಿದವರ ಉದ್ದೇಶವು ಕಾಣಲಾರದು. ಅದು ಉಳಿದಿರುವುದು ತಿಳಿನೀರನ್ನು ಕಂಡವರ ನೆನಪಿನಲ್ಲಿ ಮಾತ್ರವೇ. ವಸ್ತುವಿಗೆ ನೆನಪು ಎಷ್ಟು ಅವಶ್ಯಕವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಿಲ್ಲ.

೫

ಈ ಸೀಮೆಯಲ್ಲಿಯೇ, ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ, ರಾಮನಗರದ ಬಳಿ, ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವಿರುವುದು. ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿದ ಅವರು ೧೯೯೪ರಲ್ಲಿ ಇದನ್ನು ಲೋಕಾರ್ಪಣಮಾಡಿಸಿದರು. ಲೋಕಮಾತಾ ಮಂದಿರದಲ್ಲಿ ಮನೆವಾರ್ತೆಯ ಪಾತ್ರೆ ಪದಾರ್ಥಗಳನ್ನೂ, ಲೋಕಮಹಲಿನಲ್ಲಿ ಗೊಂಬೆ, ವೇಷ, ವಾದ್ಯಗಳನ್ನೂ, ಆಯಗಾರರ ಮಾಳದಲ್ಲಿ ಕಸಬುದಾರರ ಸಲಕರಣೆಗಳನ್ನೂ ನೋಡಬಹುದು. ನಾಗೇಗೌಡರು ವಸ್ತುಗಳೊಡನೆ ಹಾಡುಗಾರರ ಕಂಠಗಳನ್ನೂ ಧ್ವನಿಸುರುಳಿಗಳಲ್ಲಿ ಹಿಡಿದಿಟ್ಟರು. ಬಯಲುರಂಗದಲ್ಲಿ ಕಲಾವಿದರು ಬಂದು ಆಡುವ ಏರ್ಪಾಡನ್ನೂ ಮಾಡಿದರು. ಸಂಗ್ರಹಾಲಯವೆಂದರೆ ಬರಿಯ ಕಪಾಟಲ್ಲ, ಜನರು ಸೇರುವ ಜಾಗವೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಆದುದರಿಂದ ಮೈಸೂರು ದೇಶದ ವಸ್ತುಸ್ಮೃತಿಗೆ ಒಂದು ನೆಲೆ ಬೇಕಾದರೆ ಅದನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಹಾಡಿಗೆ ಅಲ್ಲಿ ಸಂದ ಗೌರವವು ಸಾಬೂನಿನ ಪೆಟ್ಟಿಗೆಗೂ, ಹಳೆಯ ಸೇರು ಪಾವುಗಳಿಗೂ, ಅವುಗಳಲ್ಲಿ ಅಳೆದವರ ಮಾತಿಗೂ ಸಲ್ಲಬೇಕಾಗಿದೆ.

ಈ ಕ್ರಮವು ಜರ್ಮನರಿಂದ ಕಲಿಯತಕ್ಕದ್ದೆಂದು ಯಾರೂ ಭಾವಿಸಬೇಕಾಗಿಲ್ಲ. ಹಳೆಯ ಮೈಸೂರಿನ ಬೊಂಬೆಹಬ್ಬವನ್ನು ನೆನೆದರೆ ಸಾಕು. ನವರಾತ್ರಿಯಲ್ಲಿ ಪೆಟ್ಟಿಗೆಯಿಂದ ಗೊಂಬೆಗಳನ್ನು ತೆಗೆದು, ಒರಸಿ, ಮೆಟ್ಟಿಲುಗಳ ಮೇಲೆ ಜೋಡಿಸುವರು. ರಾಜರಾಣಿಯರ ಪಟ್ಟದ ಗೊಂಬೆಗೆ ಅಗ್ರಸ್ಥಾನ. ಸಂಜೆ ನೆರೆಮನೆಯ ಮಕ್ಕಳು ಬಂದಾಗ ಬೊಂಬೆ ಬಾಗಿನವನ್ನು ಕೊಟ್ಟು, ಇದು ಅಜ್ಜಿಯ ತವರಿನಿಂದ ಬಂದುದು, ಇದನ್ನು ಚನ್ನಪಟ್ಟಣದಲ್ಲಿ ಕೊಂಡುದು, ಇದರ ಕೈ ಮುರಿದುದು ಇಂಥವರ ಮದುವೆಯ ವರ್ಷ ಎಂದು ಹಿರಿಯರು ಹೇಳುವರು. ಪ್ರದರ್ಶನ, ವಿವರಣೆ, ವೈಯಕ್ತಿಕ ಸ್ಮರಣೆ, ಅತಿಥಿಸತ್ಕಾರ ಇವಿಷ್ಟೂ ಕೂಡಿದ ಈ ಆಚರಣೆಗೆ ಗೃಹಸಂಗ್ರಹಾಲಯವೆಂಬ ಹೆಸರು ಸಲ್ಲುವುದು. ಇದು ಎಲ್ಲ ಜಾತಿಗಳ, ಎಲ್ಲ ಮನೆಗಳ ಆಚರಣೆಯಾಗಿರಲಿಲ್ಲವೆಂಬುದು ನಿಜ. ಅದರ ಕ್ರಮವನ್ನು ಎಲ್ಲರದನ್ನಾಗಿ ಮಾಡುವುದೇ ಸಾರ್ವಜನಿಕ ಸಂಗ್ರಹಾಲಯದ ಕರ್ತವ್ಯ.

೬

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿರಲಾಗದು. ಕಳೆದುಹೋದುದೆಲ್ಲವೂ ಸಿಹಿಯಾಗಿ ತೋರುವುದು ನೆನಪಿನ ಸ್ವಭಾವ. ಪೂರ್ವ ಜರ್ಮನಿಯ ಉಪ್ಪಿನಕಾಯಿಯ ಭರಣಿಯನ್ನು ಪ್ರೀತಿಯಿಂದ ನೆನೆಯುವವರು ಅದರ ಗೂಢಚಾರರನ್ನು ಮರೆಯುವರೆಂಬ ಆಕ್ಷೇಪಣೆಯು ಅಲ್ಲಿಯೂ ಬಂದಿದೆ. ಮಾದರಿ ಸಂಸ್ಥಾನವೆನಿಸಿಕೊಂಡ ಮೈಸೂರಿನಲ್ಲಿಯೂ ೧೯೩೮ನೆಯ ಏಪ್ರಿಲಿನಲ್ಲಿ, ಚನ್ನಪಟ್ಟಣದಿಂದ ಬಹುದೂರವಲ್ಲದ ಮದ್ದೂರಿನ ಶಿವಪುರದಲ್ಲಿ, ರಾಷ್ಟ್ರಧ್ವಜವನ್ನು ಏರಿಸಿದುದಕ್ಕಾಗಿ ಜನರು ಸೆರೆಗೆ ಹೋದರು; ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡುಗಳು ಹಾರಿದುವು. ಗಂಧದ ಸಾಬೂನನ್ನು ಕೊಳ್ಳಲಾಗದವರೂ, ಅಗ್ರಹಾರದ ಬಾವಿಯ ನೀರನ್ನು ಮುಟ್ಟಲಾಗದವರೂ ಆ ದೇಶದ ಪ್ರಜೆಗಳೇ. ಶರಭದ ಪೆಟ್ಟಿಗೆಯ ಪಕ್ಕದಲ್ಲಿ ಶಿವಪುರದ ಬಾವುಟಕ್ಕೂ ಜಾಗವಿರದ ಸಂಗ್ರಹಾಲಯವು ಹಂಬಲದ ಮನೆಯಾದೀತೇ ಹೊರತು ಚರಿತ್ರೆಯ ಮನೆಯಾಗಲಾರದು.

೭

ಕಡೆಯದಾಗಿ ಕಾಲದ ಮಾತು. ೧೯೪೭ರಲ್ಲಿ ಹತ್ತು ವರ್ಷದ ಬಾಲಕರಾಗಿದ್ದವರಿಗೆ ಈಗ ತೊಂಬತ್ತು ಹತ್ತಿರವಾಗಿದೆ. ಸ್ಥಳವೂ ಸ್ಥಿರವಾಗಿಲ್ಲ. ೨೦೨೫ರಲ್ಲಿ ಬಿಡದಿಯ ಉಪನಗರಕ್ಕಾಗಿ ಬೈರಮಂಗಲ, ಕಂಚುಗಾರನಹಳ್ಳಿ ಮೊದಲಾದ ಗ್ರಾಮಗಳ ಏಳು ಸಾವಿರ ಎಕರೆಗೂ ಮೀರಿದ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಕಟಣೆಯು ಹೊರಟಿತು, ರೈತರು ಪ್ರತಿಭಟಿಸಿದರು. ಅದರ ಯುಕ್ತಾಯುಕ್ತತೆಯು ಈ ಪತ್ರಿಕೆಯ ವಿಷಯವಲ್ಲ. ಆದರೆ ಕಂಚುಗಾರನಹಳ್ಳಿಯೆಂಬ ಹೆಸರಿನಲ್ಲಿಯೇ ಒಂದು ಕಸಬಿನ ಚರಿತ್ರೆಯು ಅಡಗಿದೆಯೆಂಬುದನ್ನು ಭಾಷಾಭ್ಯಾಸಿಗಳು ಬಲ್ಲರು. ನೆಲವು ಕೈಬದಲಾಯಿಸಿದರೆ ಮೊದಲು ಚದರಿಹೋಗುವುವು ಅಟ್ಟದ ಮೇಲಣ ಸಾಮಾನುಗಳು, ಅನಂತರ ಅವುಗಳ ಹೆಸರುಗಳು.

ರೈಸ್ ಮಹಾಶಯರು ಹಳ್ಳಿಹಳ್ಳಿಯ ಶಾಸನಗಳನ್ನು ಸಂಗ್ರಹಿಸಿ, ಬೆಂಗಳೂರು ಜಿಲ್ಲೆಯ ಸಂಪುಟವನ್ನು ೧೯೦೫ರಲ್ಲಿ ಹೊರತಂದರು. ಈಗ ಆಗಬೇಕಾದ ಕೆಲಸವು ಅದಕ್ಕಿಂತ ಸುಲಭವಾದುದು, ಆದರೆ ಹೆಚ್ಚು ಅವಸರದ್ದು. ಈ ಸೀಮೆಯ ಶಾಲೆ ಕಾಲೇಜುಗಳ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಅವರವರ ಮನೆಯ ಹಿರಿಯರ ಬಳಿಗೇ ಕಳುಹಿಸಲಿ. ಈ ವಸ್ತು ಎಲ್ಲಿಂದ ಬಂದಿತು, ಇದನ್ನು ಮಾಡಿದವರಾರು, ಇದಕ್ಕೆ ಏನೆಂದು ಹೆಸರು, ಇದನ್ನು ಬಳಸುವುದು ಎಂದು ನಿಂತಿತು ಎಂಬ ನಾಲ್ಕು ಪ್ರಶ್ನೆಗಳು ಸಾಕು. ಉತ್ತರವನ್ನು ಹೇಳಿದವರ ಮಾತಿನಲ್ಲಿಯೇ, ತಿದ್ದದೆ, ಬರೆದಿಡಲಿ. ಕಲ್ಲಿನ ಮೇಲಣ ಅಕ್ಷರವು ಇನ್ನೊಂದು ನೂರು ವರ್ಷ ಕಾಯಬಲ್ಲುದು. ಮನುಷ್ಯನ ನೆನಪು ಬರುವ ದಸರೆಯವರೆಗೆ ಕಾದೀತೆಂಬ ಭರವಸೆಯಿಲ್ಲ.