ಎಲ್ಲರಿಗೂ ಎಲ್ಲವನ್ನೂ: ಊರು ಕಳಕೊಂಡ ಒಬ್ಬ ಮೇಷ್ಟ್ರ ಕತೆ

 

ನಾನು ಮೂರನೇ ಕ್ಲಾಸಲ್ಲಿದ್ದಾಗ ನನ್ನ ಪಕ್ಕ ಒಬ್ಬ ಹುಡುಗ ಕೂರ್ತಿದ್ದ. ಅವನಿಗೆ ಒತ್ತಕ್ಷರ ಹತ್ತುತ್ತಿರಲಿಲ್ಲ. 'ಅಜ್ಜ' ಬರಿ ಅಂದ್ರೆ 'ಅಜ' ಅಂತ ಬರೀತಿದ್ದ. ಅಜ ಅಂದ್ರೆ ಆಡು. ಇಡೀ ಕ್ಲಾಸು ನಗೋದು. ಮೇಷ್ಟ್ರು ಮರದ ಸ್ಕೇಲನ್ನು ಅಡ್ಡ ತಿರುಗಿಸಿ ಬೆರಳ ಗೆಣ್ಣಿಗೆ ಹೊಡೆಯೋರು. ಒಂದು ದಿನ ಅವನು ಬರೋದು ನಿಲ್ಲಿಸಿದ. ತೋಟದ ಕೆಲಸಕ್ಕೆ ಹೋದ ಅಂದ್ರು. ಅವನಿಗೆ ತಲೆ ಇಲ್ಲ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟರು, ನಾನೂ ಸೇರಿ.

ಇಂಥ ಹುಡುಗನ ಪರವಾಗಿ ಸುಮಾರು ನಾನ್ನೂರು ವರ್ಷದ ಹಿಂದೆ ಒಬ್ಬ ಪಾದ್ರಿ ವಕಾಲತ್ತು ಹಾಕಿದ್ದರು. ಅವರ ಹೆಸರು ಯಾನ್ ಅಮೋಸ್ ಕೊಮೆನ್‌ಸ್ಕಿ. ಲ್ಯಾಟಿನ್‌ನಲ್ಲಿ ಕೊಮೆನಿಯಸ್. ಬಿ.ಎಡ್. ಮಾಡಿದವರಿಗೆ ಈ ಹೆಸರು ಎರಡು ಅಂಕದ ಪ್ರಶ್ನೆಯಾಗಿ ಗೊತ್ತಿರಬಹುದು. ಆಧುನಿಕ ಶಿಕ್ಷಣದ ಪಿತಾಮಹ, ಚಿತ್ರದ ಪುಸ್ತಕ ಬರೆದವರು, ಅಷ್ಟೇ. ಆದರೆ ಅವರ ವಾದದ ಬೇರು ಇರೋದು ಅವರ ಕ್ರೈಸ್ತ ನಂಬಿಕೆಯಲ್ಲಿ. ಅದನ್ನ ಬಿಟ್ಟು ಓದಿದರೆ ಆ ಮನುಷ್ಯ ಅರ್ಧ ಮಾತ್ರ ಸಿಗ್ತಾರೆ. ನಾನು ಕ್ರೈಸ್ತನಲ್ಲ. ಆದರೂ ಇವತ್ತು ಆ ಬೇರಿನ ಬಗ್ಗೆಯೇ ಮಾತಾಡ್ಬೇಕು ಅನ್ನಿಸಿದೆ.

1592ರ ಮಾರ್ಚ್ 28, ಮೊರಾವಿಯಾ. ಅಂದ್ರೆ ಇವತ್ತಿನ ಚೆಕ್ ದೇಶದ ಪೂರ್ವ ಭಾಗ. ಹನ್ನೆರಡು ವರ್ಷ ಆಗೋ ಹೊತ್ತಿಗೆ ಅಪ್ಪ, ಅಮ್ಮ ಇಬ್ಬರೂ ಇಲ್ಲ. ಲ್ಯಾಟಿನ್ ಶಾಲೆ ಸೇರಿದಾಗ ವಯಸ್ಸು ಹದಿನಾರು! ಪಕ್ಕದ ಬೆಂಚಿನ ಮಕ್ಕಳು ಚಿಕ್ಕವರು, ಇವರು ಮೀಸೆ ಮೂಡಿದ ಹುಡುಗ. ಆದರೆ ತಡವಾಗಿ ಹೋದದ್ದು ಒಂದು ರೀತಿಯಲ್ಲಿ ಲಾಭವೇ ಆಯಿತು. ಎಂಟು ವರ್ಷದ ಮಗುವಿಗೆ ಪಾಠ ಅರ್ಥವಾಗದಿದ್ರೆ ತಪ್ಪು ತನ್ನದೇ ಅಂದುಕೊಳ್ಳುತ್ತೆ. ಹದಿನಾರರ ಹುಡುಗನಿಗೆ ತಪ್ಪು ಕಲಿಸೋ ರೀತಿಯಲ್ಲಿದೆ ಅಂತ ಕಾಣೋಕೆ ಶುರುವಾಗುತ್ತೆ. ಅರ್ಥ ತಿಳಿಯದೆ ವ್ಯಾಕರಣದ ಸೂತ್ರ ಉರು ಹೊಡೆಯೋದು, ತಪ್ಪಿದರೆ ಬೆತ್ತ. ಮುಂದೆ ಕೊಮೆನಿಯಸ್ ಅಂಥ ಶಾಲೆಗಳನ್ನು ಬುದ್ಧಿಯ ಕಸಾಯಿಖಾನೆಗೆ ಹೋಲಿಸಿ ಬರೆದರು. ಸಿಟ್ಟು ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಿಲ್ಲ.

ಅವರ ಪಂಗಡದ ಬಗ್ಗೆ ಒಂದು ಮಾತು. 1415ರಲ್ಲಿ ಸುಟ್ಟುಹಾಕಲಾದ ಯಾನ್ ಹುಸ್ ಅನ್ನೋ ಸುಧಾರಕರ ಪರಂಪರೆಯಿಂದ ಬಂದ 'ಸಹೋದರರ ಒಕ್ಕೂಟ' ಅಂತ ಒಂದು ಸಣ್ಣ ಪ್ರಾಟೆಸ್ಟೆಂಟ್ ಗುಂಪು. ಅಲ್ಲಿ ಬೈಬಲ್ಲನ್ನು ಜನರ ಭಾಷೆಯಲ್ಲಿ, ಅಂದ್ರೆ ಚೆಕ್ಕಿನಲ್ಲಿ ಓದ್ತಿದ್ದರು. ಇಲ್ಲಿ ಒಂದು ಸರಳ ತರ್ಕ ಇದೆ. ದೇವರ ಮಾತನ್ನು ಪ್ರತಿಯೊಬ್ಬರೂ ತಾವೇ ಓದಬೇಕು ಅಂದ್ರೆ, ಪ್ರತಿಯೊಬ್ಬರಿಗೂ ಓದು ಬರಬೇಕು. ಕೂಲಿಯವನ ಮಗಳಿಗೂ. ಯುರೋಪಿನಲ್ಲಿ ಹಳ್ಳಿಹಳ್ಳಿಗೆ ಶಾಲೆ ಹೋಗಿದ್ದರ ಹಿಂದೆ ಈ ತರ್ಕದ ಪಾಲು ದೊಡ್ಡದು.

ಕೊಮೆನಿಯಸ್ ಇದೇ ಪಂಗಡದ ಪಾದ್ರಿಯಾಗಿ ಫುಲ್ನೆಕ್ ಅನ್ನೋ ಪುಟ್ಟ ಊರಿಗೆ ಹೋದರು. ಮದುವೆ, ಮಗು, ಚರ್ಚು, ಶಾಲೆ. ಅಷ್ಟರಲ್ಲಿ 1618ಕ್ಕೆ ಮೂವತ್ತು ವರ್ಷದ ಯುದ್ಧ ಶುರು. 1620ರಲ್ಲಿ ಪ್ರಾಗ್ ಪಕ್ಕದ ಬಿಳಿ ಬೆಟ್ಟದ ಕದನದಲ್ಲಿ ಪ್ರಾಟೆಸ್ಟೆಂಟರು ಸೋತರು. ಕ್ಯಾಥೊಲಿಕ್ ಚಕ್ರವರ್ತಿಯ ಆಡಳಿತ ಬಂತು, ಪಾದ್ರಿಗಳ ಬೇಟೆ ಶುರುವಾಯ್ತು. ಕೊಮೆನಿಯಸ್ ತಲೆಮರೆಸಿಕೊಂಡರು. 1622ರಲ್ಲಿ ಹೆಂಡತಿ ಮತ್ತು ಇಬ್ಬರು ಪುಟ್ಟ ಮಕ್ಕಳು ಪ್ಲೇಗಿಗೆ ಹೋದರು. ಆಗ ಅವರಿಗೆ ಮೂವತ್ತು. 1628ರಲ್ಲಿ ದೇಶ ಬಿಟ್ಟು ಪೋಲೆಂಡಿನ ಲೆಷ್ನೋ ಅನ್ನೋ ಊರಿಗೆ ಹೋದರು. ಆಮೇಲೆ ಹುಟ್ಟಿದ ನೆಲಕ್ಕೆ ವಾಪಸ್ ಹೋಗಿ ನೆಲೆಸೋಕೆ ಆಗಲೇ ಇಲ್ಲ.

ಎಲ್ಲ ಕಳಕೊಂಡ ಮನುಷ್ಯ ಏನು ಬರೀತಾನೆ? ಸೇಡಿನ ಮಾತು ಬರೀಬಹುದು, ಬರೀ ಅಳು ಬರೀಬಹುದು. ಇವರು ಕೂತು 'ಮಹಾ ಬೋಧನಶಾಸ್ತ್ರ' ಬರೆದರು. ಮೊದಲು ಚೆಕ್ಕಿನಲ್ಲಿ, ಊರಿಗೆ ಮರಳಿದ ದಿನ ಶಾಲೆಗಳನ್ನು ಹೊಸದಾಗಿ ಕಟ್ಟೋಕೆ ಬೇಕಾಗುತ್ತೆ ಅಂತ. ಅದೇ 'ಡಿಡ್ಯಾಕ್ಟಿಕಾ ಮ್ಯಾಗ್ನಾ'. ಲ್ಯಾಟಿನ್‌ನಲ್ಲಿ ಅಚ್ಚಾಗಿದ್ದು 1657ರಲ್ಲಿ.

ಆ ಪುಸ್ತಕ ಶುರುವಾಗೋದು ಶಾಲೆಯಿಂದ ಅಲ್ಲ, ಮನುಷ್ಯ ಅಂದ್ರೆ ಯಾರು ಅನ್ನೋ ಪ್ರಶ್ನೆಯಿಂದ. ಬೈಬಲ್ ಪ್ರಕಾರ ಮನುಷ್ಯ ದೇವರ ರೂಪದಲ್ಲಿ ಸೃಷ್ಟಿಯಾದವನು. ಈ ಬದುಕು ಪರದ ಬದುಕಿಗೆ ತಯಾರಿ. ಪ್ರತಿ ಮನುಷ್ಯನಲ್ಲೂ ಮೂರು ಬೀಜ ಇದೆ: ಅರಿವು, ಸದ್ಗುಣ, ಭಕ್ತಿ. ಬೀಜ ದೇವರದು, ನೀರು ಹಾಕೋದು ಮನುಷ್ಯರ ಕೆಲಸ. ಈಗ ಮುಂದಿನ ಹೆಜ್ಜೆ ನೋಡಿ. ದೇವರು ಮುಖ ನೋಡಿ ಮಣೆ ಹಾಕೋನಲ್ಲ. ಹಾಗಿರುವಾಗ ಸಾಹುಕಾರನ ಮಗನಿಗೆ ಮಾತ್ರ, ಗಂಡುಮಕ್ಕಳಿಗೆ ಮಾತ್ರ, ಚುರುಕಾದವರಿಗೆ ಮಾತ್ರ ಪಾಠ ಅಂತ ಗೆರೆ ಎಳೆದರೆ, ಅದು ಆ ಮಗುವಿಗೆ ಮಾಡಿದ ಅನ್ಯಾಯವಷ್ಟೇ ಅಲ್ಲ, ದೇವರಿಗೆ ಮಾಡಿದ ಅವಮಾನ. ಮಂದ ಬುದ್ಧಿಯವರ ಬಗ್ಗೆ ಅವರ ವಾದ ಇನ್ನೂ ಖಡಕ್ಕು. ಯಾರು ನಿಧಾನವೋ ಅವರಿಗೇ ಹೆಚ್ಚು ಸಹಾಯ ಬೇಕು, ಅವರನ್ನೇ ಮೊದಲು ಹೊರಗೆ ಹಾಕೋದು ಯಾವ ನ್ಯಾಯ ಅಂತ.

'ಅಜ' ಬರೆದ ಹುಡುಗ ನನಗೆ ನೆನಪಾಗಿದ್ದು ಈ ಜಾಗದಲ್ಲಿ.

ಅವರ ಲೆಕ್ಕದಲ್ಲಿ ಇಪ್ಪತ್ನಾಲ್ಕು ವರ್ಷದ ಓದನ್ನು ಆರಾರು ವರ್ಷದ ನಾಲ್ಕು ಶಾಲೆಗಳಾಗಿ ಹಂಚಬೇಕು. ಮೊದಲ ಆರು ವರ್ಷ ಅಮ್ಮನ ಮಡಿಲೇ ಶಾಲೆ. ಆರರಿಂದ ಹನ್ನೆರಡು, ತಾಯ್ನುಡಿಯ ಶಾಲೆ, ಊರಿನ ಎಲ್ಲ ಹುಡುಗ ಹುಡುಗಿಯರಿಗೂ ಒಟ್ಟಿಗೆ. ಲ್ಯಾಟಿನ್ ಏನಿದ್ರೂ ಅದರ ಮೇಲೆ, ಕಡೆಗೆ ವಿಶ್ವವಿದ್ಯಾಲಯ. ತಾಯ್ನುಡಿ ಗಟ್ಟಿಯಾಗದೆ ಪರಭಾಷೆ ಕಲಿಸೋಕೆ ಹೋಗಬೇಡಿ ಅಂತ 1630ರ ಸುಮಾರಿಗೇ ಬರೆದಿದ್ದಾರೆ. ನಮ್ಮಲ್ಲಿ ಎಲ್‌ಕೆಜಿ ಅಡ್ಮಿಷನ್ನಿಗೆ ಕ್ಯೂ ನಿಲ್ಲೋ ಅಪ್ಪ ಅಮ್ಮಂದಿರ ಹತ್ತಿರ ಇದನ್ನು ಹೇಳಿ ನೋಡಿ, ಬೈಸಿಕೊಳ್ಳೋದು ಗ್ಯಾರಂಟಿ. ತಾಯ್ನುಡಿ ಶಾಲೆಯಲ್ಲಿ ದಿನಕ್ಕೆ ನಾಲ್ಕೇ ಗಂಟೆ ಪಾಠ. ಪಾಠ ಬರಲಿಲ್ಲ ಅಂತ ಹೊಡೆಯೋ ಹಾಗಿಲ್ಲ. ಮಗುವಿಗೆ ಕಲಿಯೋ ಆಸೆ ಹುಟ್ಟದಿದ್ದರೆ ಅದು ಮೇಷ್ಟ್ರ ಸೋಲು.

ಅಂತ ಇವರನ್ನ ಸಂತ ಮಾಡಿ ಕೂರಿಸೋದೂ ಬೇಡ. ನಡತೆಯ ತಪ್ಪಿಗೆ, ದೈವನಿಂದೆಗೆ, ಸೊಕ್ಕಿಗೆ ಕಠಿಣ ಶಿಕ್ಷೆ ಇರಲಿ ಅಂತಲೇ ಬರೀತಾರೆ. ಹುಡುಗಿಯರು ಓದಲಿ ಅಂತಾರೆ, ಆದರೆ ಅದೇ ಉಸಿರಿನಲ್ಲಿ ಬರೀ ಕುತೂಹಲಕ್ಕಲ್ಲ, ಮನೆ ನಡೆಸೋಕೆ ಮತ್ತು ಭಕ್ತಿಗೆ ಅಂತ ಷರತ್ತು ಹಾಕ್ತಾರೆ. ಒಬ್ಬ ಮೇಷ್ಟ್ರು ನೂರಾರು ಮಕ್ಕಳಿಗೆ ಒಟ್ಟಿಗೆ ಕಲಿಸಬಹುದು ಅನ್ನೋದು ಅವರ ಇನ್ನೊಂದು ಕನಸು. ಇದೊಂದನ್ನು ನಾವು ಶ್ರದ್ಧೆಯಿಂದ ಪಾಲಿಸ್ತಾ ಇದ್ದೀವಿ ಅನ್ನಿ.

ಅವರನ್ನು ಯುರೋಪಿನಾದ್ಯಂತ ಹೆಸರುವಾಸಿ ಮಾಡಿದ್ದು ಒಂದು ಲ್ಯಾಟಿನ್ ಪಠ್ಯ, 1631ರ 'ಭಾಷೆಗಳ ತೆರೆದ ಬಾಗಿಲು'. ಸುಮಾರು ಎಂಟು ಸಾವಿರ ಪದ, ಸಾವಿರ ವಾಕ್ಯ, ನೂರು ಅಧ್ಯಾಯ. ಸ್ವಾರಸ್ಯ ಏನಂದ್ರೆ ಈ ಪುಸ್ತಕದ ಐಡಿಯಾ ಅವರಿಗೆ ಸಿಕ್ಕಿದ್ದು ಸ್ಪೇನಿನ ಸಾಲಮಾಂಕಾದಲ್ಲಿದ್ದ ಐರಿಷ್ ಜೆಸ್ವಿಟ್ಟರ ಪುಸ್ತಕದಿಂದ. ತನ್ನನ್ನು ಊರು ಬಿಡಿಸಿದ ಕ್ಯಾಥೊಲಿಕ್ ಪಾಳಯದಿಂದಲೇ ಒಳ್ಳೆಯದು ಕಂಡ್ರೆ ಎತ್ತಿಕೊಂಡರು, ಎಲ್ಲಿಂದ ಬಂತು ಅನ್ನೋದನ್ನೂ ಮುಚ್ಚಿಡಲಿಲ್ಲ.

1641ರಲ್ಲಿ ಇಂಗ್ಲೆಂಡ್ ಕರೀತು. ಅಲ್ಲಿ ಅಂತರ್ಯುದ್ಧದ ಮೋಡ. 1642ರಲ್ಲಿ ಸ್ವೀಡನ್ನಿಗೆ ಹೊರಟರು. ದಾರಿಯಲ್ಲಿ ಹಾಲೆಂಡಿನಲ್ಲಿ ತತ್ವಜ್ಞಾನಿ ಡೆಕಾರ್ಟ್ ಜೊತೆ ನಾಲ್ಕು ಗಂಟೆ ಮಾತುಕತೆ. ಇತಿಹಾಸದಲ್ಲಿ ನಾನು ಕದ್ದು ಕೇಳಬೇಕು ಅನ್ನಿಸೋ ಕೆಲವೇ ಮಾತುಕತೆಗಳಲ್ಲಿ ಇದೂ ಒಂದು. ದೇವರ ವಿಷಯ ದೇವರ ಪಾಡಿಗೆ ಇರಲಿ, ತರ್ಕದ ದಾರಿ ಬೇರೆ ಅನ್ನೋದು ಡೆಕಾರ್ಟ್ ನಿಲುವು. ಪ್ರಕೃತಿ, ಮನಸ್ಸು, ಧರ್ಮಗ್ರಂಥ ಮೂರೂ ಒಬ್ಬನೇ ಬರೆದ ಪುಸ್ತಕಗಳು, ಬೇರೆ ಮಾಡಿದರೆ ಜ್ಞಾನ ಚೂರಾಗುತ್ತೆ ಅನ್ನೋದು ಕೊಮೆನಿಯಸ್ ನಿಲುವು. ಇಬ್ಬರೂ ಗೌರವದಿಂದ ಬೀಳ್ಕೊಂಡರು, ಒಪ್ಪಲಿಲ್ಲ. ಮುಂದಿನ ಮುನ್ನೂರು ವರ್ಷ ಪ್ರಪಂಚ ಡೆಕಾರ್ಟ್ ದಾರಿಯಲ್ಲೇ ನಡೀತು. ನಾವು ಫಿಸಿಕ್ಸು ಒಂದು ಪೀರಿಯಡ್ಡು, ನೀತಿಪಾಠ ಇನ್ನೊಂದು ಪೀರಿಯಡ್ಡು ಅಂತ ಓದಿದವರು ಆ ದಾರಿಯವರೇ.

ಯುದ್ಧ 1648ರಲ್ಲಿ ಮುಗೀತು. ಆದರೆ ಒಪ್ಪಂದದಲ್ಲಿ ಈ ಚೆಕ್ ದೇಶಭ್ರಷ್ಟರಿಗೆ ವಾಪಸ್ ಹೋಗೋ ದಾರಿ ಇರಲಿಲ್ಲ. 1650ರಲ್ಲಿ ಹಂಗೇರಿಯ ಶಾರೋಶ್‌ಪಾಟಕ್ ಊರಿಗೆ ಶಾಲೆ ಸುಧಾರಿಸೋಕೆ ಹೋದರು. ಅಲ್ಲಿ ಪಠ್ಯವನ್ನೇ ಎಂಟು ನಾಟಕ ಮಾಡಿ ಮಕ್ಕಳ ಕೈಲಿ ಆಡಿಸಿದರು. ಅಲ್ಲೇ ಹುಟ್ಟಿದ್ದು ಅವರ ಚಿತ್ರದ ಪುಸ್ತಕ, 'ಆರ್ಬಿಸ್ ಪಿಕ್ಟಸ್'. ಅಂದ್ರೆ ಚಿತ್ರದಲ್ಲಿ ಪ್ರಪಂಚ. 1658ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾಯಿತು.

ಈ ಪುಸ್ತಕದ ಹತ್ತಿರ ಸ್ವಲ್ಪ ಹೊತ್ತು ಕೂರೋಣ. ನೂರೈವತ್ತು ಪಾಠ. ಪ್ರತಿ ಪಾಠಕ್ಕೂ ಮರದಚ್ಚಿನ ಒಂದು ಚಿತ್ರ, ಚಿತ್ರದೊಳಗೆ ನಂಬರು. ಕೆಳಗೆ ಲ್ಯಾಟಿನ್ ಒಂದು ಸಾಲು, ಪಕ್ಕದಲ್ಲಿ ಜರ್ಮನ್ ಒಂದು ಸಾಲು, ಪದದ ಎದುರು ಅದೇ ನಂಬರು. ಅಕ್ಷರಮಾಲೆ ಶುರುವಾಗೋದು ಕಾಗೆಯಿಂದ. ಕಾಗೆ 'ಆ ಆ' ಅಂತ ಕೂಗುತ್ತೆ, ಅದು ಎ. ಕುರಿಮರಿ 'ಬೇ' ಅನ್ನುತ್ತೆ, ಅದು ಬಿ. ಸೂತ್ರ ಇಲ್ಲ, ಮೊದಲು ಕಿವಿ, ಆಮೇಲೆ ಕಣ್ಣು, ಆಮೇಲೆ ಬರವಣಿಗೆ. ಮೊದಲ ವಿಷಯ ದೇವರು, ಕಡೆಯದು ಅಂತಿಮ ತೀರ್ಪಿನ ದಿನ. ನಡುವೆ ಬೆಂಕಿ, ಮೋಡ, ಜೇನು, ರೊಟ್ಟಿ ಸುಡುವವನು, ದರ್ಜಿ, ಕ್ಷೌರಿಕ, ಅಪರಾಧಿಗಳಿಗೆ ಕೊಡೋ ಚಿತ್ರಹಿಂಸೆ ಕೂಡ! ಆತ್ಮವನ್ನು ಹೇಗೆ ತೋರಿಸ್ತೀರಿ? ಅವರು ಚುಕ್ಕಿಚುಕ್ಕಿಯಾಗಿ ಒಂದು ಮನುಷ್ಯಾಕೃತಿ ಬರೆಸಿದ್ದಾರೆ. ಮಗುವಿನಿಂದ ಏನನ್ನೂ ಮುಚ್ಚಿಡಬೇಡಿ, ಎಲ್ಲವೂ ದೇವರು ಬರೆದ ಪುಸ್ತಕವೇ ಅನ್ನೋ ತತ್ವ ಇಲ್ಲಿ ಕಣ್ಣಿಗೆ ಕಾಣುತ್ತೆ.

ಅದೇ ಪುಸ್ತಕದಲ್ಲಿ ಅನ್ಯಧರ್ಮಗಳ ಪಾಠ ಒಂದಿದೆ. ಅಲ್ಲಿ 'ಇಂಡಿಯನ್ನರು' ಇವತ್ತಿಗೂ ಪೂಜಿಸೋದು ಸೈತಾನನನ್ನು ಅಂತ ಬರೆದಿದ್ದಾರೆ. ಯಾವ ಇಂಡಿಯಾ ಅಂತ ಬಿಡಿಸಿ ಹೇಳಿಲ್ಲ. ನಾನು ಆ ಪುಟ ನೋಡಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎಲ್ಲರೂ ದೇವರ ರೂಪ ಅಂದ ಮನುಷ್ಯನೇ, ತಾನು ಕಾಣದ ಜನರ ಬಗ್ಗೆ ಒಂದೇ ಸಾಲಿನಲ್ಲಿ ಹೀಗೆ ತೀರ್ಪು ಕೊಡ್ತಾರೆ, ಅದೂ ಮಕ್ಕಳ ಪುಸ್ತಕದಲ್ಲಿ. ಎರಡೂ ಒಬ್ಬರದೇ ಬರಹ. ಮೊದಲನೆಯದನ್ನು ಮೆಚ್ಚಿಕೊಂಡು ಎರಡನೆಯದನ್ನು ಬಚ್ಚಿಡೋಕೆ ನನಗೆ ಮನಸ್ಸು ಬರಲಿಲ್ಲ.

1656ರಲ್ಲಿ ಲೆಷ್ನೋ ಸುಟ್ಟುಹೋಯಿತು. ಇದರಲ್ಲಿ ಅವರ ಪಾಲೂ ಇದೆ. ಪೋಲೆಂಡಿನ ಮೇಲೆ ದಂಡೆತ್ತಿ ಬಂದ ಸ್ವೀಡನ್ ರಾಜನನ್ನು ಹೊಗಳಿ ಬರೆದಿದ್ದರು. ಆ ಊರು ಸ್ವೀಡನ್ನಿನ ಪರ ನಿಂತಿತು, ಪೋಲಿಷ್ ಪಡೆ ಬಂದು ಬೆಂಕಿ ಇಟ್ಟಿತು. ನಲವತ್ತಕ್ಕೂ ಹೆಚ್ಚು ವರ್ಷ ಕೂಡಿಸಿದ್ದ ಚೆಕ್–ಲ್ಯಾಟಿನ್ ನಿಘಂಟಿನ ಹಸ್ತಪ್ರತಿ ಬೂದಿಯಾಯ್ತು. ಕಡೆಗಾಲದಲ್ಲಿ ಆಮ್‌ಸ್ಟರ್‌ಡ್ಯಾಮ್ ಆಶ್ರಯ ಕೊಟ್ಟಿತು. 1670ರಲ್ಲಿ ತೀರಿಕೊಂಡರು. ಸಮಾಧಿ ಹಾಲೆಂಡಿನ ನಾರ್ಡೆನ್‌ನಲ್ಲಿದೆ.

ಕಡೆಯವರೆಗೂ ಬರೀತಿದ್ದ ದೊಡ್ಡ ಗ್ರಂಥ ಪೂರ್ತಿ ಅಚ್ಚಾಗಲಿಲ್ಲ. ಅದರ ಹಸ್ತಪ್ರತಿ ಜರ್ಮನಿಯ ಹಾಲೆ ಊರಿನ ಅನಾಥಾಲಯದ ಗ್ರಂಥಾಲಯ ಸೇರಿ, ಜನರ ನೆನಪಿನಿಂದ ಜಾರಿತು. 1930ರ ದಶಕದಲ್ಲಿ ಚಿಜೆವ್‌ಸ್ಕಿ ಅನ್ನೋ ವಿದ್ವಾಂಸರ ಕಣ್ಣಿಗೆ ಬಿತ್ತು. ಅದರ ಒಂದು ಭಾಗ 'ಪ್ಯಾಂಪೀಡಿಯಾ', ಸರ್ವಶಿಕ್ಷಣ. ಅಲ್ಲಿ ಶಾಲೆಗಳು ನಾಲ್ಕಲ್ಲ, ಎಂಟು. ಮೊದಲನೆಯದು ಗರ್ಭದ ಶಾಲೆ, ಏಳನೆಯದು ಮುಪ್ಪಿನ ಶಾಲೆ, ಎಂಟನೆಯದು ಸಾವಿನ ಶಾಲೆ.

ಹಾಲೆಯ ಆ ಅನಾಥಾಲಯಕ್ಕೂ ನಮ್ಮ ಕಡೆಗೂ ನೇರ ದಾರಿ ಇದೆ. ಅದನ್ನು ಕಟ್ಟಿದ ಫ್ರಾಂಕೆಯವರ ವಲಯದಿಂದಲೇ ಜೀಗೆನ್‌ಬಾಲ್ಗ್ ಅನ್ನೋ ತರುಣ 1706ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದಿಳಿದರು. ತಮಿಳು ಕಲಿತರು, ಮರುವರ್ಷವೇ ಹುಡುಗಿಯರಿಗೆ ಶಾಲೆ ತೆರೆದರು. ಜರ್ಮನ್ ಭಾಷಿಕರ ಅದೇ ಭಕ್ತಿಪಂಥದ ಇನ್ನೊಂದು ಕವಲು ಬಾಸೆಲ್ ಮಿಷನ್. ಅವರು 1834ರಲ್ಲಿ ಮಂಗಳೂರಿಗೆ ಬಂದರು. ಮತಾಂತರದ ಉದ್ದೇಶ ಇತ್ತು, ಅದನ್ನು ಅವರು ಅಡಗಿಸಿಯೂ ಇರಲಿಲ್ಲ. ಆದರೆ ಪಾಠ ಜನರ ಭಾಷೆಯಲ್ಲಿ ಅನ್ನೋ ಹಠದಿಂದಾಗಿ ಮೋಗ್ಲಿಂಗ್ ಕೈಯಲ್ಲಿ 1843ರ 'ಮಂಗಳೂರ ಸಮಾಚಾರ' ಬಂತು, 1894ರಲ್ಲಿ ಕಿಟೆಲ್ ನಿಘಂಟು ಬಂತು. ಆ ಕತೆಗೆ ಇನ್ನೊಂದು ಪೂರ್ತಿ ಸಂಚಿಕೆಯೇ ಬೇಕು, ಮಾಡೋಣ.

ಆರ್ಬಿಸ್ ಪಿಕ್ಟಸ್ ಸ್ಕ್ಯಾನ್ ಆನ್‌ಲೈನಲ್ಲಿ ಉಚಿತವಾಗಿ ಸಿಗುತ್ತೆ. ನಾನು ಮೊನ್ನೆ ಅಕ್ಕನ ಮಗಳಿಗೆ ಫೋನಲ್ಲಿ ಕಾಗೆಯ ಪುಟ ತೆಗೆದು ತೋರಿಸಿದೆ. ಅವಳಿಗೆ ನಾಲ್ಕು ವರ್ಷ. ಸ್ವಲ್ಪ ಹೊತ್ತು ನೋಡಿ, "ಮಾಮಾ, ಕಾಗೆ ಆ ಅನ್ನಲ್ಲ, ಕಾ ಅನ್ನುತ್ತೆ" ಅಂದ್ಲು. ಆಮೇಲೆ ಫೋನು ಕಿತ್ಕೊಂಡು ಕುರಿಮರಿ ಹುಡುಕೋಕೆ ಹೋದ್ಲು.